ಹೊಗೆಗೆ ಹಣ್ಣಿನ ರುಚಿ, ವ್ಯಾಪಾರಕ್ಕೆ ಸಂಸ್ಕೃತಿಯ ಹೆಸರು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮತದಾರರು 2018ರ ಜೂನ್ ತಿಂಗಳಲ್ಲಿ ಒಂದು ಅಪರೂಪದ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು. ಹಣ್ಣು, ಮಿಠಾಯಿ, ಪುದೀನ ಮುಂತಾದ ರುಚಿ ಮತ್ತು ಪರಿಮಳ ಬೆರೆಸಿದ ತಂಬಾಕನ್ನು ನಗರದ ಅಂಗಡಿಗಳಲ್ಲಿ ಮಾರಬಹುದೇ, ಮಾರಬಾರದೇ? ನಗರದ ಆಡಳಿತ ಮಂಡಳಿ ಹಿಂದಿನ ವರ್ಷವೇ ಅವಿರೋಧವಾಗಿ ಅದರ ಮಾರಾಟವನ್ನು ನಿಷೇಧಿಸಿತ್ತು. ಆರ್.ಜೆ. ರೆನಾಲ್ಡ್ಸ್ ಎಂಬ ಸಿಗರೇಟು ಕಂಪೆನಿ ಇದನ್ನು ಒಪ್ಪದೆ ಜನಮತಗಣನೆಗೆ ಎಳೆದು ತಂದಿತು. ಪ್ರಚಾರಕ್ಕೆ ಸುಮಾರು 1.2 ಕೋಟಿ ಡಾಲರ್ ಸುರಿಯಿತು. ಇಷ್ಟಾದರೂ ನೂರರಲ್ಲಿ 68 ಮಂದಿ ನಿಷೇಧದ ಪರವಾಗಿಯೇ ಮತ ಹಾಕಿದರು.

ದೂರದ ಒಂದು ಊರಿನ ಅಂಗಡಿಯಲ್ಲಿ ಏನು ಮಾರಬೇಕು, ಏನು ಮಾರಬಾರದು ಎಂಬುದು ನಮಗೇಕೆ ಎಂದು ಯಾರಾದರೂ ಕೇಳಬಹುದು. ಆದರೆ ಈ ವಿವಾದವನ್ನು ಹತ್ತಿರದಿಂದ ನೋಡಿದರೆ ಅದರೊಳಗೆ ಆಫ್ರಿಕನ್ ಅಮೆರಿಕನ್ನರಿದ್ದಾರೆ, ಅರಬ್ ಮೂಲದ ವಲಸಿಗರಿದ್ದಾರೆ, ಹುಕ್ಕಾ ಇದೆ, ಬಿಜಾಪುರ ಇದೆ, ನಮ್ಮ ಕರಾವಳಿಯ ಬೀಡಿಯೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ 'ಇದು ನಮ್ಮ ಸಂಸ್ಕೃತಿ' ಎಂಬ ಮಾತು ಇದೆ. ಆ ಮಾತನ್ನು ಯಾರು ಆಡುತ್ತಾರೆ, ಯಾರ ಪರವಾಗಿ ಆಡುತ್ತಾರೆ, ಅದರ ಲಾಭ ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆ ನಮ್ಮದೂ ಹೌದು.

ಲವಂಗಕ್ಕೊಂದು ನ್ಯಾಯ, ಪುದೀನಕ್ಕೊಂದು ನ್ಯಾಯ

ತಂಬಾಕಿನ ಹೊಗೆ ಗಂಟಲಿಗೆ ಒರಟು. ಮೊದಲ ಬಾರಿ ಸೇದಿದವನು ಕೆಮ್ಮುತ್ತಾನೆ. ಈ ಕೆಮ್ಮು ಪ್ರಕೃತಿಯೇ ಕೊಟ್ಟ ಎಚ್ಚರಿಕೆ. ಮೆಂಥಾಲ್ ಅಥವಾ ಹಣ್ಣಿನ ರುಚಿ ಬೆರೆಸಿದಾಗ ಆ ಎಚ್ಚರಿಕೆ ಮಂಕಾಗುತ್ತದೆ. ಹಳೆಯ ಚಟದ ಮನುಷ್ಯನಿಗೆ ಈ ಸಿಹಿ ಇಲ್ಲದಿದ್ದರೂ ನಡೆಯುತ್ತದೆ. ಅದು ಹೆಚ್ಚಾಗಿ ಬೇಕಾಗುವುದು ಹೊಸಬನಿಗೆ, ಅಂದರೆ ಹದಿನಾಲ್ಕು-ಹದಿನೈದರ ಹುಡುಗ ಹುಡುಗಿಯರಿಗೆ. ಮಾರಾಟ ನಿಷೇಧದ ಪರ ಇರುವವರ ವಾದದ ತಿರುಳು ಇಷ್ಟೇ. ಅದನ್ನು ಅಲ್ಲಗಳೆಯುವುದು ಸುಲಭವಲ್ಲ. 2019ರಲ್ಲಿ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ನೂರಕ್ಕೆ 27ಕ್ಕೂ ಹೆಚ್ಚು ಮಂದಿ ಇ-ಸಿಗರೇಟು ಸೇದುತ್ತಿದ್ದರೆಂದು ಅಲ್ಲಿನ ರಾಷ್ಟ್ರೀಯ ಸಮೀಕ್ಷೆ ಹೇಳಿತು. 2024ರ ಹೊತ್ತಿಗೆ ಆ ಪ್ರಮಾಣ ನೂರಕ್ಕೆ 8ರ ಒಳಗೆ ಇಳಿಯಿತು. ಹಾಗೆ ಸೇದುವ ಶಾಲಾ ಮಕ್ಕಳಲ್ಲಿ ನೂರಕ್ಕೆ 87 ಮಂದಿ ಬಳಸುತ್ತಿದ್ದುದು ರುಚಿ ಬೆರೆಸಿದ್ದನ್ನೇ.

2009ರಲ್ಲಿ ಅಮೆರಿಕದ ಕೇಂದ್ರ ಸರಕಾರ ಒಂದು ಕಾನೂನು ತಂದು ಸಿಗರೇಟುಗಳಲ್ಲಿ ಹಣ್ಣು, ಮಿಠಾಯಿ, ಲವಂಗ ಮುಂತಾದ ರುಚಿಗಳನ್ನು ನಿಷೇಧಿಸಿತು. ಆದರೆ ಮೆಂಥಾಲನ್ನು ಮಾತ್ರ ಬಿಟ್ಟುಬಿಟ್ಟಿತು. ಕಾರಣ ಊಹಿಸಲು ಕಷ್ಟವಿಲ್ಲ. ಹಣ್ಣಿನ ಸಿಗರೇಟಿನ ವ್ಯಾಪಾರ ಚಿಲ್ಲರೆ. ಲವಂಗದ ಸಿಗರೇಟು ಬರುತ್ತಿದ್ದುದು ಇಂಡೋನೇಷ್ಯಾದಿಂದ. ಮೆಂಥಾಲ್ ಸಿಗರೇಟು ಅಮೆರಿಕದ್ದೇ ಕಂಪೆನಿಗಳ ದೊಡ್ಡ ಆದಾಯದ ಬಾಬತ್ತು. ಇಂಡೋನೇಷ್ಯಾ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿತು. ಹೊರಗಿನಿಂದ ಬರುವ ಲವಂಗವನ್ನು ನಿಷೇಧಿಸಿ ಒಳಗಿನ ಮೆಂಥಾಲನ್ನು ಉಳಿಸಿಕೊಂಡದ್ದು ತಾರತಮ್ಯ ಎಂದು 2012ರಲ್ಲಿ ಆ ಸಂಸ್ಥೆಯ ಮೇಲ್ಮನವಿ ಮಂಡಳಿ ತೀರ್ಪು ಕೊಟ್ಟಿತು. ಮಕ್ಕಳ ಆರೋಗ್ಯದ ಹೆಸರಿನ ಕಾನೂನಿನಲ್ಲಿಯೂ ಯಾರ ಸರಕು ಎಂಬ ಲೆಕ್ಕಾಚಾರ ಹೇಗೆ ನುಸುಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆ ಕಾನೂನು ಒಂದು ಒಳ್ಳೆಯ ಕೆಲಸವನ್ನೂ ಮಾಡಿತ್ತು. ಮಾರಾಟದ ಮೇಲೆ ಇನ್ನಷ್ಟು ಬಿಗಿ ನಿಯಮ ಮಾಡುವ ಹಕ್ಕನ್ನು ರಾಜ್ಯಗಳಿಗೆ, ನಗರಸಭೆಗಳಿಗೆ ಉಳಿಸಿಕೊಟ್ಟಿತ್ತು. ಕೇಂದ್ರ ಬಿಟ್ಟದ್ದನ್ನು ಊರುಗಳು ಕೈಗೆತ್ತಿಕೊಂಡವು. ನ್ಯೂಯಾರ್ಕ್, ಪ್ರಾವಿಡೆನ್ಸ್ ನಗರಗಳು ಸಿಗರೇಟಲ್ಲದ ಇತರ ರುಚಿ ತಂಬಾಕನ್ನು ನಿಯಂತ್ರಿಸಿದವು. ಕಂಪೆನಿಗಳು ಕೋರ್ಟಿಗೆ ಹೋದರೂ 2013ರಲ್ಲಿ ಮೇಲ್ಮನವಿ ನ್ಯಾಯಾಲಯಗಳು ನಗರಗಳ ಪರ ನಿಂತವು. ಷಿಕಾಗೊ ನಗರ ಶಾಲೆಗಳ ಸುತ್ತ 500 ಅಡಿಗಳೊಳಗೆ ಮೆಂಥಾಲನ್ನೂ ಸೇರಿಸಿ ನಿಷೇಧಿಸಿತು. ಮೆಸಾಚುಸೆಟ್ಸ್ ರಾಜ್ಯ 2019ರಲ್ಲಿ, ಕ್ಯಾಲಿಫೋರ್ನಿಯಾ 2020ರಲ್ಲಿ ರಾಜ್ಯಮಟ್ಟದ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ ಕಂಪೆನಿಗಳು ಮತ್ತೆ ಜನಮತಗಣನೆಯ ದಾರಿ ಹಿಡಿದು ಎರಡು ವರ್ಷ ತಳ್ಳಿದವು. 2022ರ ನವೆಂಬರಿನಲ್ಲಿ ಅಲ್ಲಿಯೂ ನೂರಕ್ಕೆ ಸುಮಾರು 63 ಮಂದಿ ನಿಷೇಧವನ್ನು ಎತ್ತಿ ಹಿಡಿದರು. ಸೋತ ಕಂಪೆನಿಗಳು ಸುಮ್ಮನಿರಲಿಲ್ಲ. ಮೆಂಥಾಲ್ ತೆಗೆದು, ಅದರಂತೆಯೇ ತಂಪು ಕೊಡುವ ಬೇರೆ ರಾಸಾಯನಿಕ ಹಾಕಿದ ಸಿಗರೇಟುಗಳು ಅಂಗಡಿಗೆ ಬಂದವು. ಅದನ್ನು ತಡೆಯಲು ರಾಜ್ಯ 2024ರಲ್ಲಿ ಮತ್ತೊಂದು ಕಾನೂನು ಮಾಡಬೇಕಾಯಿತು.

ಕೇಂದ್ರದ ಔಷಧ ಮತ್ತು ಆಹಾರ ಇಲಾಖೆ 2022ರಲ್ಲಿ ದೇಶವ್ಯಾಪಿ ಮೆಂಥಾಲ್ ನಿಷೇಧದ ಪ್ರಸ್ತಾಪ ಮುಂದಿಟ್ಟಿತು. ಅದು ಮುಂದೂಡುತ್ತ ಹೋಗಿ, ಕೊನೆಗೆ 2025ರ ಜನವರಿಯಲ್ಲಿ ಟ್ರಂಪ್ ಸರಕಾರ ಬಂದ ಕೂಡಲೇ ಹಿಂತೆಗೆಯಲ್ಪಟ್ಟಿತು. ಹೀಗಾಗಿ ಈ ವಿಷಯ ಮತ್ತೆ ಊರುಗಳ, ರಾಜ್ಯಗಳ ಕೈಯಲ್ಲೇ ಉಳಿದಿದೆ.

ಜನಾಂಗದ ಹೆಸರಿನಲ್ಲಿ

ಮೆಂಥಾಲಿನ ಕತೆ ಬರೀ ಆರೋಗ್ಯದ ಕತೆಯಲ್ಲ. ಇಂದು ಸಿಗರೇಟು ಸೇದುವ ಆಫ್ರಿಕನ್ ಅಮೆರಿಕನ್ನರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಸೇದುವುದು ಮೆಂಥಾಲ್ ಸಿಗರೇಟನ್ನು. 1950ರ ದಶಕದಲ್ಲಿ ಈ ಪ್ರಮಾಣ ನೂರಕ್ಕೆ ಹತ್ತೂ ಇರಲಿಲ್ಲ. ಅವರ ನಾಲಗೆ ಹುಟ್ಟಿನಿಂದಲೇ ಬೇರೆಯಾಗಿತ್ತೇ? ಇಲ್ಲ. ಕಂಪೆನಿಗಳು ಅವರ ಬಡಾವಣೆಗಳನ್ನು ಆರಿಸಿಕೊಂಡವು. ಅವರ ಪತ್ರಿಕೆಗಳಿಗೆ ಜಾಹೀರಾತು ಕೊಟ್ಟವು. ಅವರ ಸಂಗೀತೋತ್ಸವಗಳಿಗೆ ಹಣ ಕೊಟ್ಟವು. ಅವರ ಸಂಘಟನೆಗಳಿಗೆ ದೇಣಿಗೆ ಕೊಟ್ಟವು. ಇತಿಹಾಸಕಾರ ಕೀತ್ ವೈಲೂ ಅವರು 2021ರಲ್ಲಿ ಪ್ರಕಟಿಸಿದ 'ಪುಷಿಂಗ್ ಕೂಲ್' ಎಂಬ ಪುಸ್ತಕದಲ್ಲಿ ಕಂಪೆನಿಗಳ ಒಳಗಿನ ದಾಖಲೆಗಳನ್ನೇ ಇಟ್ಟುಕೊಂಡು ಈ ಅಭಿರುಚಿಯನ್ನು ಹೇಗೆ ನಿರ್ಮಿಸಲಾಯಿತು ಎಂದು ವಿವರಿಸಿದ್ದಾರೆ. ಹೀಗೆ ಎರಡು ತಲೆಮಾರುಗಳ ಕಾಲ ನಿರ್ಮಿಸಿದ್ದನ್ನು ಮೂರನೆಯ ತಲೆಮಾರಿನಲ್ಲಿ 'ಇದು ಕಪ್ಪು ಜನರ ಆಯ್ಕೆ, ಅದನ್ನು ನಿಷೇಧಿಸುವುದು ಜನಾಂಗೀಯ ತಾರತಮ್ಯ' ಎಂದು ವಾದಿಸಲಾಯಿತು.

ಆದರೆ ಈ ವಾದದ ಇನ್ನೊಂದು ಮುಖವನ್ನು ತಳ್ಳಿಹಾಕುವಂತಿಲ್ಲ. 2014ರ ಜುಲೈ 17ರಂದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಎರಿಕ್ ಗಾರ್ನರ್ ಎಂಬ ಕಪ್ಪು ಮನುಷ್ಯ ಪೊಲೀಸರ ಹಿಡಿತದಲ್ಲಿ ಉಸಿರುಗಟ್ಟಿ ಸತ್ತ. ಅವನ ಮೇಲಿದ್ದ ಆರೋಪ ಬಿಡಿ ಸಿಗರೇಟು ಮಾರುತ್ತಿದ್ದ ಎಂಬುದು. ನ್ಯೂಯಾರ್ಕಿನಲ್ಲಿ ಮೆಂಥಾಲ್ ನಿಷೇಧದ ಮಾತು ಬಂದಾಗ ಅವನ ತಾಯಿ ಅದನ್ನು ವಿರೋಧಿಸಿದರು. ಇನ್ನೊಂದು ನೆಪ ಸಿಕ್ಕಿದರೆ ಪೊಲೀಸರ ಕೈ ಯಾರ ಕುತ್ತಿಗೆಯ ಮೇಲೆ ಬೀಳುತ್ತದೆಂದು ಆ ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ವಿರೋಧದ ಮುಂಚೂಣಿಯಲ್ಲಿದ್ದ ಪಾದ್ರಿ ಅಲ್ ಶಾರ್ಪ್ಟನ್ ಅವರ ಸಂಘಟನೆ ರೆನಾಲ್ಡ್ಸ್ ಕಂಪೆನಿಯಿಂದ ದೇಣಿಗೆ ಪಡೆದಿತ್ತು ಎಂಬುದೂ ಗುಟ್ಟಿನ ವಿಷಯವಲ್ಲ. ಅದೇ ಸಮುದಾಯದ ಹಳೆಯ ಹಕ್ಕು ಸಂಘಟನೆ ಎನ್‌ಎಎಸಿಪಿ 2016ರಲ್ಲೇ ಮೆಂಥಾಲ್ ನಿರ್ಬಂಧವನ್ನು ಬೆಂಬಲಿಸಿ ನಿರ್ಣಯ ಮಾಡಿತ್ತು. ಕಪ್ಪು ಜನಾಂಗದ ವೈದ್ಯರು, ಹೋರಾಟಗಾರರು, 'ನಮ್ಮ ಮಕ್ಕಳನ್ನು ಬಿಟ್ಟು ಬೇರೆಯವರ ಮಕ್ಕಳನ್ನು ಮಾತ್ರ ಏಕೆ ಉಳಿಸುತ್ತೀರಿ' ಎಂದು ಸರಕಾರದ ಮೇಲೆಯೇ ದಾವೆ ಹೂಡಿದರು.

ಇದರಿಂದ ಕಲಿಯಬೇಕಾದ ಪಾಠ ಎರಡು. ಒಂದು ಸಮುದಾಯದ ಪರವಾಗಿ ಮಾತಾಡುತ್ತೇನೆ ಎನ್ನುವವನ ಜೇಬಿನಲ್ಲಿ ಯಾರ ಹಣ ಇದೆ ಎಂದು ಕೇಳುವುದು ತಪ್ಪಲ್ಲ. ಹಾಗೆಂದು ಆ ಸಮುದಾಯದ ತಾಯಿಯೊಬ್ಬಳ ಭಯವನ್ನು ಕಂಪೆನಿಯ ಸಂಚು ಎಂದು ತಳ್ಳಿಹಾಕುವುದೂ ಸರಿಯಲ್ಲ. ನಿಷೇಧ ಮಾರುವ ಕಂಪೆನಿಗೆ, ಪರವಾನಗಿ ಇರುವ ಅಂಗಡಿಗೆ ಅನ್ವಯವಾಗಬೇಕು. ಬೀದಿಯಲ್ಲಿ ನಿಂತು ಸೇದುವವನ ಜೇಬು ತಡಕಲು ಪೊಲೀಸನಿಗೆ ಕೊಟ್ಟ ರಹದಾರಿ ಆಗಬಾರದು. ಕ್ಯಾಲಿಫೋರ್ನಿಯಾದ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಶಿಕ್ಷೆ ಅಂಗಡಿಗೆ, ಸೇದುವವನಿಗಲ್ಲ.

ನಿನ್ನೆಯ ಸರಕು, ಸಾವಿರ ವರ್ಷದ ಪರಂಪರೆ

ಅದೇ ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಮೂರು ವಿನಾಯಿತಿಗಳಿವೆ. ಸಗಟು ಬೆಲೆ 12 ಡಾಲರಿಗಿಂತ ಕಡಿಮೆಯಿಲ್ಲದ ದುಬಾರಿ ಸಿಗಾರಿಗೆ ಒಂದು. ಪೈಪಿನಲ್ಲಿ ಹಾಕುವ ಬಿಡಿ ತಂಬಾಕಿಗೆ ಇನ್ನೊಂದು. 21 ವರ್ಷ ದಾಟಿದವರಿಗಷ್ಟೇ ಪ್ರವೇಶವಿರುವ ಅಂಗಡಿಯ ಹುಕ್ಕಾ ತಂಬಾಕಿಗೆ ಮೂರನೆಯದು. ಮೊದಲೆರಡು ಯಾರಿಗಾಗಿ ಎಂದು ವಿವರಿಸುವ ಅಗತ್ಯವಿಲ್ಲ. ಶಾಸನ ಸಭೆಗಳ ಮಹಾಶಯರು ಎಲ್ಲ ದೇಶಗಳಲ್ಲಿಯೂ ತಮ್ಮ ಗೆಳೆಯರ ಚಟಗಳನ್ನು ಗೌರವದಿಂದ ಕಾಣುತ್ತಾರೆ. ನಮ್ಮ ಗಮನ ಮೂರನೆಯದರ ಕಡೆಗೆ. ಹುಕ್ಕಾ ಎಂಬುದು ಅರಬರ, ಆರ್ಮೇನಿಯನ್ನರ, ಇರಾನಿಗಳ, ದಕ್ಷಿಣ ಏಷ್ಯಾದವರ ಪುರಾತನ ಸಂಸ್ಕೃತಿ. ಅದನ್ನು ಮುಟ್ಟುವುದು ಅಲ್ಪಸಂಖ್ಯಾತರ ಮೇಲೆ ಕೈ ಮಾಡಿದಂತೆ ಎಂದು ಹುಕ್ಕಾ ಕೇಂದ್ರಗಳ ಮಾಲಿಕರು ವಾದಿಸಿದರು. ಲಾಸ್ ಏಂಜಲೀಸ್ ನಗರಸಭೆ 2022ರಲ್ಲಿ ತನ್ನದೇ ನಿಷೇಧ ತಂದಾಗಲೂ ಇದೇ ವಾದ ಗೆದ್ದು ಹುಕ್ಕಾ ಕೇಂದ್ರಗಳು ಹೊರಗುಳಿದವು.

ಮುಸ್ಲಿಮ್ ಹೆಸರು ಕೇಳಿದರೆ ಸಾಕು, ಅನುಮಾನದಿಂದ ನೋಡುವ ದೇಶದಲ್ಲಿ ಒಂದು ನಗರಸಭೆ ಅವರ ಸಂಸ್ಕೃತಿಗೆ ಮನ್ನಣೆ ಕೊಟ್ಟಿತಲ್ಲ ಎಂದು ಸಂತೋಷಪಡಬಹುದಿತ್ತು. ಆದರೆ ಈ ಪುರಾತನತೆ ಎಷ್ಟು ಪುರಾತನ ಎಂದು ಸ್ವಲ್ಪ ನೋಡೋಣ.

ತಂಬಾಕು ಅಮೆರಿಕ ಖಂಡದ ಗಿಡ. ಕೊಲಂಬಸ್ ಹೋಗುವ ಮೊದಲು ನಮ್ಮ ಕಡೆ ಅದನ್ನು ಕಂಡವರಿಲ್ಲ. ಅಕ್ಬರನ ಆಸ್ಥಾನಕ್ಕೆ ಅದು ಹೋದದ್ದು ನಮ್ಮ ಬಿಜಾಪುರದಿಂದ. ಆದಿಲ್‌ಶಾಹಿ ದರಬಾರಿಗೆ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಎಂಬವನು ಇಲ್ಲಿ ತಂಬಾಕನ್ನು ಕಂಡು ಬೆರಗಾಗಿ, ರತ್ನಖಚಿತ ಕೊಳವೆಯೊಂದನ್ನು ಸಿದ್ಧಪಡಿಸಿ, ಸುಮಾರು 1604ರಲ್ಲಿ ಬಾದಶಹನ ಮುಂದಿಟ್ಟ ಸಂಗತಿಯನ್ನು ತಾನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲಕ್ಕೆ ಒಂದೆರಡು ಬಾರಿ ಎಳೆದ. ಹಕೀಮನು ಅಡ್ಡಬಂದು, ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಪ್ರಸ್ತಾಪವೇ ಇಲ್ಲ, ಗೊತ್ತಿಲ್ಲದ್ದನ್ನು ಸೇದಬಾರದು ಎಂದ. ಅಸದ್ ಬೇಗ್, ಹೊಸದೆಂಬ ಒಂದೇ ಕಾರಣಕ್ಕೆ ತಿರಸ್ಕರಿಸುವುದು ಸರಿಯಲ್ಲ ಎಂದು ವಾದಿಸಿದ. ಹೊಗೆಯನ್ನು ನೀರಿನ ಮೂಲಕ ಹಾಯಿಸುವ ಹುಕ್ಕಾವನ್ನು ಅಕ್ಬರನ ವೈದ್ಯ ಹಕೀಮ್ ಅಬುಲ್ ಫತ್ಹ್ ಗೀಲಾನಿ ಕಂಡುಹಿಡಿದನೆಂಬ ಪ್ರತೀತಿಯೂ ಇದೆ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ. ಆಟೊಮನ್ ಸುಲ್ತಾನ ನಾಲ್ಕನೆಯ ಮುರಾದ್ 1633ರಲ್ಲಿ ಸೇದುವವರಿಗೆ ಮರಣದಂಡನೆ ವಿಧಿಸಿದ. ಎರಡೂ ಹೆಚ್ಚು ಕಾಲ ನಿಲ್ಲಲಿಲ್ಲ. ಉಲೇಮಾಗಳಲ್ಲಿ ಹರಾಮ್ ಎಂದವರಿದ್ದರು, ಮಕ್ರೂಹ್ ಎಂದವರಿದ್ದರು. ದಮಾಸ್ಕಸಿನ ಅಬ್ದುಲ್ ಗನಿ ಅಲ್ ನಾಬುಲುಸಿಯಂತಹ ವಿದ್ವಾಂಸರು ಅದು ಅನುವದನೀಯವೇ ಎಂದು ಪುಸ್ತಕ ಬರೆದರು. ಅಂದರೆ ತಂಬಾಕು ಮುಸ್ಲಿಮ್ ಸಮಾಜಗಳಲ್ಲಿ ಕಾಲಿಟ್ಟಂದಿನಿಂದ ವಿವಾದದ ವಸ್ತುವಾಗಿಯೇ ಇತ್ತು. ಎಲ್ಲರೂ ಒಪ್ಪಿ ಹೆಮ್ಮೆಪಟ್ಟ ಪರಂಪರೆ ಅದು ಯಾವತ್ತೂ ಆಗಿರಲಿಲ್ಲ.

ಇನ್ನು ಹುಕ್ಕಾ ಒಂದು ಧರ್ಮದವರ ಸೊತ್ತೂ ಅಲ್ಲ. ಹರಿಯಾಣ, ಪಶ್ಚಿಮ ಉತ್ತರಪ್ರದೇಶದ ಜಾಟರ ಪಂಚಾಯತಿಗಳಲ್ಲಿ ಹುಕ್ಕಾ ಸುತ್ತ ಕುಳಿತ ಮುದುಕರನ್ನು ಇಂದಿಗೂ ಕಾಣಬಹುದು. ಅವರೊಳಗೆ ಒಬ್ಬನನ್ನು ಬಹಿಷ್ಕರಿಸುವುದೆಂದರೆ ಅವನ 'ಹುಕ್ಕಾ ಪಾನಿ' ನಿಲ್ಲಿಸುವುದು. ಆದರೆ ಆ ಮುದುಕರು ಸೇದುವ ಖಾರದ ತಂಬಾಕಿಗೂ ಲಾಸ್ ಏಂಜಲೀಸಿನ ದೀಪಾಲಂಕಾರದ ಕೋಣೆಗಳಲ್ಲಿ ಸಿಗುವುದಕ್ಕೂ ಸಂಬಂಧ ಬಹಳ ದೂರದ್ದು. ಈಗ ಜಗತ್ತಿನಾದ್ಯಂತ ಹುಕ್ಕಾ ಕೇಂದ್ರಗಳಲ್ಲಿ ಸೇದುವುದು 'ಮುಅಸ್ಸಲ್' ಎಂಬ, ಕಾಕಂಬಿಯಲ್ಲಿ ನೆನೆಸಿ ಸೇಬು, ದ್ರಾಕ್ಷಿ, ಪುದೀನದ ರುಚಿ ಹಾಕಿ ಕಾರ್ಖಾನೆಯಲ್ಲಿ ತಯಾರಿಸಿದ ತಂಬಾಕನ್ನು. ಇದು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದದ್ದು 1990ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ಅರಬ್ ನಾಡುಗಳಲ್ಲಿ ಹುಕ್ಕಾ ಎಂಬುದು ಕಾಫಿ ಅಂಗಡಿಯ ಮೂಲೆಯಲ್ಲಿ ವಯಸ್ಸಾದ ಗಂಡಸರು ಸೇದುವ, ನಿಧಾನವಾಗಿ ಸಾಯುತ್ತಿದ್ದ ಅಭ್ಯಾಸ. ಸಿಹಿ ಮುಅಸ್ಸಲ್ ಬಂದ ಮೇಲೆ ಅದು ಕಾಲೇಜು ಹುಡುಗ ಹುಡುಗಿಯರ ಶೋಕಿಯಾಯಿತು. ಕೈರೋದಿಂದ ಲಂಡನ್, ಬೆಂಗಳೂರಿನವರೆಗೆ ಹಬ್ಬಿತು. ಸಂಶೋಧಕರು ಈ ಹರಡುವಿಕೆಗೆ ಕೊಡುವ ಮೊದಲ ಕಾರಣ ಇದೇ ರುಚಿ.

ಹಾಗಾದರೆ ಕ್ಯಾಲಿಫೋರ್ನಿಯಾದ ಕಾನೂನು ಯಾವ ಪರಂಪರೆಯನ್ನು ಉಳಿಸಿತು? ರುಚಿ ಇಲ್ಲದ ಹಳೆಯ ಹುಕ್ಕಾ ತಂಬಾಕಿಗೆ ವಿನಾಯಿತಿ ಬೇಕಾಗಿಯೇ ಇರಲಿಲ್ಲ, ಅದನ್ನು ನಿಷೇಧಿಸಿರಲೇ ಇಲ್ಲ. ಉಳಿದದ್ದು ಮೂವತ್ತು ವರ್ಷದ ಕಾರ್ಖಾನೆಯ ಸರಕು. ನಾನ್ನೂರು ವರ್ಷಗಳ ಹಿಂದೆ ಅಸದ್ ಬೇಗ್, ಇದು ಹೊಸದು, ಆದ್ದರಿಂದ ಒಪ್ಪಿಕೊಳ್ಳಿ ಎಂದ. ಇಂದಿನ ಮಾಲಿಕ, ಇದು ಹಳೆಯದು, ಆದ್ದರಿಂದ ಒಪ್ಪಿಕೊಳ್ಳಿ ಎನ್ನುತ್ತಿದ್ದಾನೆ. ಆರೋಗ್ಯದ ಮಾತನ್ನು ಅಂದಿನ ಹಕೀಮನಂತೆಯೇ ಇಂದಿನ ವೈದ್ಯರೂ ಹೇಳುತ್ತಲೇ ಇದ್ದಾರೆ. ಒಂದು ಗಂಟೆ ಹುಕ್ಕಾ ಸೇದಿದವನು ಒಂದು ಸಿಗರೇಟಿನ ಹೊಗೆಗಿಂತ 100ರಿಂದ 200 ಪಟ್ಟು ಹೆಚ್ಚು ಹೊಗೆಯನ್ನು ಒಳಗೆಳೆದುಕೊಳ್ಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ನೀರು ವಿಷವನ್ನು ತೊಳೆಯುತ್ತದೆ ಎಂಬುದು ಬರೀ ನಂಬಿಕೆ.

ಮುಸ್ಲಿಮರ ಸಂಸ್ಕೃತಿ ಯಾವುದು ಎಂದು ಕೇಳಿದಾಗ ಒಂದು ನಗರಸಭೆಗೆ ಕಂಡದ್ದು ಹುಕ್ಕಾ. ಇರಾನಿನಲ್ಲಿ 1890ರಲ್ಲಿ ಶಹಾ ತನ್ನ ದೇಶದ ತಂಬಾಕಿನ ಸಮಸ್ತ ವ್ಯಾಪಾರವನ್ನು ಒಬ್ಬ ಇಂಗ್ಲಿಷ್ ವ್ಯಾಪಾರಿಗೆ ಬರೆದುಕೊಟ್ಟಾಗ, 1891ರಲ್ಲಿ ಮಿರ್ಝಾ ಶಿರಾಝಿಯ ಹೆಸರಿನಲ್ಲಿ ಬಂದ ಒಂದು ಫತ್ವಾಕ್ಕೆ ಓಗೊಟ್ಟು ಜನ ಸೇದುವುದನ್ನೇ ಬಿಟ್ಟರು. ಅರಮನೆಯ ಅಂತಃಪುರದವರೂ ಹುಕ್ಕಾ ಬದಿಗಿಟ್ಟರೆಂದು ಹೇಳುತ್ತಾರೆ. ಮರುವರ್ಷ ಶಹಾ ಒಪ್ಪಂದವನ್ನು ರದ್ದು ಮಾಡಬೇಕಾಯಿತು. ಹುಕ್ಕಾ ಕೆಳಗಿಟ್ಟು ಒಂದು ಸಾಮ್ರಾಜ್ಯದ ವ್ಯಾಪಾರವನ್ನು ಸೋಲಿಸಿದ ಈ ಘಟನೆಯೂ ಅದೇ ಸಂಸ್ಕೃತಿಯ ಇತಿಹಾಸ. ಇದನ್ನು ಮುಂದಿಟ್ಟು ಯಾವ ಮಾಲಿಕನೂ ವಿನಾಯಿತಿ ಕೇಳಲಾರ.

ಮಾವಿನ ರುಚಿಯ ಬೀಡಿ

ಈ ಕತೆಯಲ್ಲಿ ನಮ್ಮ ಪಾಲು ಬಿಜಾಪುರದೊಂದಿಗೆ ಮುಗಿಯುವುದಿಲ್ಲ. ವೇಪಿನ ಹೆಸರು ಯಾರೂ ಕೇಳಿರದ ಕಾಲದಲ್ಲಿ, 1990ರ ದಶಕದ ಕೊನೆಗೆ, ಅಮೆರಿಕದ ಹುಡುಗರ ಕೈಯಲ್ಲಿ ಇದ್ದಕ್ಕಿದ್ದಂತೆ ಭಾರತದ ಬೀಡಿ ಕಾಣಿಸಿಕೊಂಡಿತು. ನಮ್ಮಲ್ಲಿ ಕೂಲಿಯವನು ಸೇದುವ ಬೀಡಿಯಲ್ಲ ಅದು. ಮಾವು, ಚಾಕಲೇಟು, ಚೆರಿ ಹಣ್ಣಿನ ರುಚಿ ಹಾಕಿದ ಬೀಡಿ. 1999ರಲ್ಲಿ ಮೆಸಾಚುಸೆಟ್ಸ್ ರಾಜ್ಯದಲ್ಲಿ ನಗರವಾಸಿಗಳಾದ 642 ಹದಿಹರೆಯದವರನ್ನು ವಿಚಾರಿಸಿದಾಗ ನೂರಕ್ಕೆ 40 ಮಂದಿ ಒಮ್ಮೆಯಾದರೂ ಬೀಡಿ ಸೇದಿದ್ದರು. 16 ಮಂದಿ ಆಗ ಸೇದುತ್ತಲೇ ಇದ್ದರು. ಸಿಗರೇಟು ಬಿಟ್ಟು ಬೀಡಿ ಏಕೆ ಎಂದರೆ ರುಚಿ ಚೆನ್ನಾಗಿದೆ ಎಂದರು. ಅಗ್ಗ ಎಂದರು. ಸಿಗರೇಟಿನಷ್ಟು ಅಪಾಯವಿಲ್ಲ ಎಂದು ನಂಬಿದವರೂ ಇದ್ದರು. ನಿಜದಲ್ಲಿ ಬೀಡಿಯ ಹೊಗೆಯಲ್ಲಿ ಸಿಗರೇಟಿಗಿಂತ ಸುಮಾರು ಮೂರು ಪಟ್ಟು ನಿಕೋಟಿನ್, ಐದು ಪಟ್ಟು ಟಾರ್ ಇರುತ್ತದೆ. ಇಂದು ವೇಪಿನ ಬಗ್ಗೆ ಕೇಳಿಬರುವ ಎಲ್ಲ ಮಾತುಗಳೂ ಅಂದು ಬೀಡಿಯ ಬಗ್ಗೆ ಕೇಳಿಬಂದವು.

ಅದೇ 1999ರ ನವೆಂಬರಿನಲ್ಲಿ ಅಮೆರಿಕದ ಸುಂಕ ಇಲಾಖೆ ಮಂಗಳೂರಿನ ಹೆಸರಾಂತ ಕಂಪೆನಿಯೊಂದರ ಬೀಡಿಗಳನ್ನು ಬಂದರಿನಲ್ಲೇ ತಡೆಯಲು ಆದೇಶಿಸಿತು. ಕಾರಣ ರುಚಿಯಲ್ಲ, ಜೀತದ ಮಕ್ಕಳಿಂದ ಕಟ್ಟಿಸಿದ್ದೆಂಬ ಆರೋಪ. ಅತ್ತ ಸೇದುವ ಮಕ್ಕಳು, ಇತ್ತ ಕಟ್ಟುವ ಮಕ್ಕಳು. ಒಂದೇ ಬೀಡಿಯ ಎರಡು ತುದಿಗಳಲ್ಲಿ ಮಕ್ಕಳೇ ಇದ್ದರೆಂಬ ಈ ಚಿತ್ರ ಸುಗಂಧ ತಂಬಾಕಿನ ಚರ್ಚೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಹಳ್ಳಿಗಳಲ್ಲಿ ಬೀಡಿ ಕಟ್ಟದ ಬಡವರ ಮನೆ ಒಂದು ಕಾಲದಲ್ಲಿ ಅಪರೂಪವಾಗಿತ್ತು. ಮುಸ್ಲಿಮ್ ಮನೆಯ ಹೆಂಗಸರು, ಬಿಲ್ಲವರ, ದಲಿತರ ಮನೆಯ ಹೆಂಗಸರು ಜಗಲಿಯಲ್ಲಿ ಸೂಪು ಮಡಿಲಿಗಿಟ್ಟು ಕಟ್ಟಿದ ಬೀಡಿಯಿಂದ ಅಕ್ಕಿ ಬಂದಿದೆ, ಮಕ್ಕಳ ಶಾಲೆಯ ಶುಲ್ಕ ಹೋಗಿದೆ, ಹೆಣ್ಣುಮಕ್ಕಳ ಮದುವೆ ನಡೆದಿದೆ. ಮನೆಯಿಂದ ಹೊರಗೆ ದುಡಿಯಲು ಹೋಗಲಾಗದ ಹೆಂಗಸಿನ ಕೈಗೆ ನಾಲ್ಕು ಕಾಸು ಕೊಟ್ಟದ್ದು ಇದೇ ಕೆಲಸ. ಆಕೆಯ ಶ್ವಾಸಕೋಶಕ್ಕೆ ಸೊಪ್ಪಿನ ಧೂಳು ತುಂಬಿದ್ದೂ ಇದೇ ಕೆಲಸದಿಂದ. ಬೀಡಿಯ ಮೇಲೆ ಸೆಸ್ ಹಾಕಿ ಈ ಕಾರ್ಮಿಕರ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನಕ್ಕೆಂದು 1976ರಲ್ಲಿ ಕಲ್ಯಾಣ ನಿಧಿ ಮಾಡಲಾಗಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಸೆಸ್ಸನ್ನು ರದ್ದು ಮಾಡಲಾಯಿತು. ತಂಬಾಕಿನ ವಿರುದ್ಧ ಭಾಷಣ ಮಾಡುವ ಸರಕಾರಗಳು ಅದನ್ನು ಕಟ್ಟುವ ಕೈಗಳಿಗೆ ಬೇರೆ ಕೆಲಸ ಏನು ಎಂಬುದನ್ನು ಇನ್ನೂ ಹೇಳಿಲ್ಲ.

ನಮ್ಮ ನಿಷೇಧಗಳ ಲೆಕ್ಕ

ಕರ್ನಾಟಕ ನಿಷೇಧಗಳಲ್ಲಿ ಹಿಂದುಳಿದ ರಾಜ್ಯವಲ್ಲ. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಗುಟ್ಕಾ ಎಂದರೆ ಮತ್ತೇನು? ಏಲಕ್ಕಿ, ಪುದೀನ, ಗುಲಾಬಿಯ ಪರಿಮಳ ಬೆರೆಸಿದ ತಂಬಾಕೇ ತಾನೆ? ನಿಷೇಧವಾದ ಕೆಲವೇ ದಿನಗಳಲ್ಲಿ ಪಾನ್ ಮಸಾಲಾದ ಒಂದು ಪೊಟ್ಟಣ, ತಂಬಾಕಿನ ಇನ್ನೊಂದು ಪೊಟ್ಟಣ ಗೂಡಂಗಡಿಯಲ್ಲಿ ಅಕ್ಕಪಕ್ಕ ತೂಗತೊಡಗಿದವು. ಗಿರಾಕಿ ಎರಡನ್ನೂ ಕೊಂಡು ಬಾಯಿಯಲ್ಲಿ ಬೆರೆಸಿಕೊಂಡ. 2016ರಲ್ಲಿ ಸುಪ್ರೀಂ ಕೋರ್ಟು ಈ ಉಪಾಯದ ವಿರುದ್ಧ ಹೇಳಿತಾದರೂ ಪೊಟ್ಟಣಗಳು ಮಾಯವಾಗಲಿಲ್ಲ. ಅದೇ ವರ್ಷ ರಾಜ್ಯ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ಅನ್ವಯವಾಗುವಂತೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನನ್ನು ನಿಷೇಧಿಸಿತು. 2024ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಹೈಕೋರ್ಟು ಏಪ್ರಿಲಿನಲ್ಲಿ ಅದನ್ನು ಎತ್ತಿಹಿಡಿಯಿತು. ಹುಕ್ಕಾ ಬಾರ್ ನಡೆಸುವವರಿಗೆ ಜೈಲು, ತಂಬಾಕು ಕೊಳ್ಳುವ ವಯಸ್ಸು 21ಕ್ಕೆ ಏರಿಕೆ, ಬಿಡಿ ಸಿಗರೇಟು ಮಾರಾಟಕ್ಕೆ ತಡೆ ಇರುವ ತಿದ್ದುಪಡಿ ಕಾನೂನು 2025ರಲ್ಲಿ ಜಾರಿಗೆ ಬಂತು.

ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಸಿಗರೇಟು ಮಾತ್ರ ಎಂದಿನಂತೆ ಇದೆ. ಇ-ಸಿಗರೇಟನ್ನು ಜೈಲು ಶಿಕ್ಷೆಯ ಅಪರಾಧ ಮಾಡಿದ ಸರಕಾರ, ದೇಶದ ಅತಿ ದೊಡ್ಡ ಸಿಗರೇಟು ಕಂಪೆನಿಯಲ್ಲಿ ತನ್ನದೇ ಜೀವವಿಮಾ ನಿಗಮದ ಮೂಲಕ ದೊಡ್ಡ ಪಾಲು ಇಟ್ಟುಕೊಂಡಿದೆ. ಸಿಗರೇಟು ಬಿಡಲು ಬಯಸುವ ವಯಸ್ಕರಿಗೆ ನಿಕೋಟಿನ್ ಪಟ್ಟಿಗಿಂತ ಇ-ಸಿಗರೇಟು ಹೆಚ್ಚು ನೆರವಾಗುತ್ತದೆ ಎಂದು ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ವೈದ್ಯಕೀಯ ಪರಾಮರ್ಶೆ ಹೇಳುತ್ತದೆ. ಬ್ರಿಟನ್ ಈ ಕಾರಣಕ್ಕೆ ವಯಸ್ಕರಿಗೆ ಅದನ್ನು ಬಿಟ್ಟು, ಮಕ್ಕಳನ್ನು ಸೆಳೆಯುವ, ಒಮ್ಮೆ ಸೇದಿ ಎಸೆಯುವ ವೇಪುಗಳನ್ನು ಮಾತ್ರ 2025ರ ಜೂನಿನಿಂದ ನಿಷೇಧಿಸಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರುಚಿ ನಿಷೇಧದ ಬಳಿಕ ಹೈಸ್ಕೂಲು ಮಕ್ಕಳಲ್ಲಿ ಸಾದಾ ಸಿಗರೇಟು ಹೆಚ್ಚಿತೆಂದು 2021ರಲ್ಲಿ ಒಂದು ಅಧ್ಯಯನ ವಾದಿಸಿತು. ನಿಷೇಧ ನಿಜಕ್ಕೂ ಜಾರಿಯಾಗುವ ಮೊದಲಿನ ಅಂಕಿಗಳನ್ನೇ ಅದು ಬಳಸಿದೆ ಎಂದು ಬೇರೆಯವರು ಆಕ್ಷೇಪಿಸಿದರು. ಈ ಜಗಳ ಏನೇ ಇರಲಿ, ಹೊಸ ಚಟವನ್ನು ಮುಚ್ಚಿ ಹಳೆಯ, ಹೆಚ್ಚು ಕೊಲ್ಲುವ ಚಟದ ಬಾಗಿಲನ್ನು ತೆರೆದಿಡುವ ನೀತಿಯಲ್ಲಿ ತರ್ಕ ಕಡಿಮೆ ಎಂಬುದಂತೂ ನಿಜ.

ಆದ್ದರಿಂದ ಒಂದು ನಿಷೇಧವನ್ನು ಬೆಂಬಲಿಸುವ ಮೊದಲು ನಾವು ಕೆಲವು ಪ್ರಶ್ನೆಗಳನ್ನು ಕೇಳಬೇಕು. ಅದು ಮಾರುವವನನ್ನು ಹಿಡಿಯುತ್ತದೆಯೋ, ಸೇದುವ ಬಡವನನ್ನೋ? ಹನ್ನೆರಡು ಡಾಲರಿನ ಸಿಗಾರು ಹೊರಗುಳಿಯುತ್ತದೆಯೋ? ಯಾವ ಸಮುದಾಯದ ಹೆಸರಿನಲ್ಲಿ ಯಾರು ರಿಯಾಯಿತಿ ಕೇಳುತ್ತಿದ್ದಾರೆ? ಬಿಡಬೇಕೆಂದಿರುವವನಿಗೆ ಊರಿನ ಸರಕಾರಿ ಆಸ್ಪತ್ರೆಯಲ್ಲಿ ನೆರವು ಇದೆಯೋ? ಅದನ್ನು ಕಟ್ಟಿ ಬದುಕುವವರಿಗೆ ಮುಂದಿನ ದಾರಿ ಯಾವುದು? ಈ ಪ್ರಶ್ನೆಗಳಿಗೆ ಉತ್ತರವಿರುವ ನಿಷೇಧ ಎಲ್ಲಿಯೇ ಬರಲಿ, ಸ್ವಾಗತಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು ಮೊದಲ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದರು.

ಉಳಿದದ್ದು ನಮ್ಮ ಮನೆಯ ವಿಷಯ. ಮದುವೆಯ ಹಿಂದಿನ ರಾತ್ರಿ ಮಾಳಿಗೆಯ ಮೇಲೆ ಸೇಬಿನ ವಾಸನೆಯ ಹುಕ್ಕಾ ಇಟ್ಟುಕೊಂಡು ಕುಳಿತ ಹುಡುಗರನ್ನು ಕಂಡು, 'ಸೇದಲಿ ಬಿಡಿ, ಅರಬರ ಪದ್ಧತಿ, ಹೆಂಡವೇನೂ ಅಲ್ಲವಲ್ಲ' ಎನ್ನುವ ಹಿರಿಯರಿದ್ದಾರೆ. ಆ ಹುಡುಗರಿಗೆ ಅಕ್ಬರನ ಹಕೀಮನ ಕತೆಯನ್ನು, ಇರಾನಿನ ಜನ ಹುಕ್ಕಾ ಕೆಳಗಿಟ್ಟ ಕತೆಯನ್ನು, ಅವರದ್ದೇ ಅಜ್ಜಿ ಬೀಡಿ ಕಟ್ಟಿ ಕೆಮ್ಮಿದ ಕತೆಯನ್ನು ಹೇಳಬಹುದು. ಇದಕ್ಕೆ ಯಾವ ನಗರಸಭೆಯ ನಿರ್ಣಯವೂ ಬೇಕಾಗಿಲ್ಲ.